ಬಲಗಡೆ ಕೂತವಳು

ವಾಸ್ಕೋದ ಬಂದರಿನ ಹಿಂದೆ, ತಗಡಿನ ಮಾಡಿನಡಿ,
ಲೇತ್ ಮೆಷಿನ್ನಿನ ಮಗ್ಗುಲಲ್ಲಿ ಮಲಗಿರುತ್ತದೆ
ನನ್ನ ಅರವತ್ತೊಂಬತ್ತರ ಮರ್ಕ್ಯುರಿ ಕೂಗರ್.
ಎರಡೇ ಬಾಗಿಲು. ಮೂಗು ನಮ್ಮ ಅಡುಗೆಮನೆಗಿಂತ ಉದ್ದ.
ಯಾವನೋ ಗಣಿ ಧಣಿಯ ಮಗ ಹಡಗಿನಲ್ಲಿ ತರಿಸಿ,
ಮದುವೆಯಾಗಿ, ಮರೆತದ್ದು.
ನಾನು ಕೊಳ್ಳಹೋದಾಗ ಹಿಂದಿನ ಸೀಟಿನಲ್ಲಿ
ಒಂದು ಹೇಂಟೆ ಕಾವಿಗೆ ಕೂತಿತ್ತು.
ದುಡ್ಡು ಎಣಿಸಿ ಕೊಟ್ಟಮೇಲೂ ಕಾದೆ,
ಮರಿಗಳು ಹೊರಬೀಳುವವರೆಗೆ.

ಇದರ ದೀಪಗಳಿಗೆ ರೆಪ್ಪೆಗಳಿವೆ.
ಇಂಜಿನ್ನು ಉಸಿರೆಳೆದುಕೊಂಡ ಜೋರಿಗೆ ಮುಚ್ಚಿಕೊಳ್ಳುವ ರೆಪ್ಪೆ.
ಎಲ್ಲೋ ಒಂದು ರಬ್ಬರ್ ನಳಿಕೆ ಬಿರಿದು
ರಾತ್ರಿಯಿಡೀ ಸೋರಿ ಸೋರಿ
ಬೆಳಿಗ್ಗೆ ನೋಡಿದರೆ ಒಂದು ಕಣ್ಣು ಅರ್ಧ ತೆರೆದಿರುತ್ತದೆ,
ಚಹಾ ಆತೇನು ಎಂದು ಹಾಸಿಗೆಯಿಂದಲೇ ಕೇಳುವ
ಮಾವನ ಹಾಗೆ.

ಎಂಟು ಸಿಲಿಂಡರು. ಕಿಡಿ ಹತ್ತುವ ಸರದಿ
ಒಂದು ಮೂರು ಏಳು ಎರಡು ಆರು ಐದು ನಾಲ್ಕು ಎಂಟು.
ಹುಬ್ಬಳ್ಳಿಯ ಸಾಲಿಯಲ್ಲಿ ಹೀಗೆ ಎಣಿಸಿದ್ದರೆ
ಹಂಪಿಹೊಳಿ ಮಾಸ್ತರರು ಕಿವಿ ಹಿಂಡುತ್ತಿದ್ದರು.
ಇಲ್ಲಿ ಹೀಗೆ ಎಣಿಸದಿದ್ದರೆ ಕಾರ್ಬುರೇಟರು ಸೀನಿ
ಹುಬ್ಬು ಸುಡುತ್ತದೆ. ಎಡದ್ದು ಇನ್ನೂ ಪೂರ್ತಿ ಬಂದಿಲ್ಲ.

"ಇಂಚಿನ ಗಾಡಿ ಪಾತ್ರಾಂವ್," ಅನ್ನುತ್ತಾನೆ ಕೈತಾನ್ ಮೇಸ್ತ್ರಿ,
"ಹನ್ನೆರಡರ ಪಾನಾ ಹೋಗೋದಿಲ್ಲ, ಹದಿಮೂರರದು ಜಾರತದೆ."
ನೀರಿನ ಪಂಪಿನ ದಂಡ ಎಲ್ಲೂ ಸಿಗದೆ
ಮುರಿದ ಟ್ರಾಲರಿನ ಉಕ್ಕಿನ ತುಂಡಿನಿಂದ ನಾನೇ ಕಡೆದೆ.
ಅವತ್ತಿನಿಂದ ಬಾನೆಟ್ಟು ತೆರೆದರೆ ಬಂಗುಡೆ ವಾಸನೆ ಅಂತೆ,
ನೀಲಾಂಬಿಕೆಯ ಮಾತು.
ಪೆಟ್ರೋಲ್ ಬಂಕಿನ ಹುಡುಗ: "ಎಷ್ಟು ಕೊಡತ್ತೆ ಅಂಕಲ್?"
ಕೊಡುವುದಿಲ್ಲಪ್ಪ, ತಗೊಳ್ಳುತ್ತದೆ.

ಅಮೆರಿಕದ ಗಾಡಿ, ಸ್ಟೀರಿಂಗು ಎಡಕ್ಕೆ.
ನಾನು ಗಟಾರದ ಅಂಚಿಗೆ ಕೂತು ಓಡಿಸುತ್ತೇನೆ,
ತೆಂಗಿನ ಬುಡ, ಸುಣ್ಣ ಬಳಿದ ಶಿಲುಬೆ, ಮೀನಿನ ಬುಟ್ಟಿ
ಮೊಣಕೈಗೆ ತಾಗುವಷ್ಟು ಹತ್ತಿರ.
ರಸ್ತೆಯ ನಡು ಕಾಣುವುದು ಬಲಗಡೆ ಕೂತ ಅವಳಿಗೆ.
ಅದಿರಿನ ಟಿಪ್ಪರಿನ ಬೆನ್ನಿಗೆ ಸಿಕ್ಕಿಕೊಂಡಾಗ
ಅವಳು ಕುತ್ತಿಗೆ ಚಾಚುತ್ತಾಳೆ. "ತಡೀ."
"ತಡೀ ಅಂದ್ನೆಲ್ಲ."
ಆಮೇಲೆ "ಹೂಂ."
ಆ ಒಂದಕ್ಷರದ ಮೇಲೆ ಕಾಲು ಒತ್ತುತ್ತೇನೆ.
ಎಂಟೂ ಬಾಯಿ ಒಟ್ಟಿಗೆ ಹಸಿದು, ಮೂಗು ಮೇಲೆದ್ದು,
ಬೆನ್ನು ಸೀಟಿಗೆ ಅಂಟಿ, ಹೊಟ್ಟೆ ಒಂದು ಫರ್ಲಾಂಗು ಹಿಂದೆ ಉಳಿದು
ಆಹಾ. ಇದಕ್ಕೇ ನೋಡಿ ಇಷ್ಟು ವರ್ಷ
ಉಗುರಿನ ಕಪ್ಪು ಹೋಗದೆ ಉಣ್ಣುತ್ತಿರುವುದು.

ಮೊನ್ನೆ ಪಣಜಿಯಿಂದ ಬರುತ್ತ, ಜುವಾರಿ ಸೇತುವೆ ದಾಟಿ,
ಕುಠ್ಠಾಳಿಯ ಬಿಸಿಲಿಗೆ ಪೆಟ್ರೋಲು ನಳಿಗೆಯಲ್ಲೇ ಆವಿಯಾಯಿತು.
ಪಂಪಿನ ಮೇಲೆ ಒದ್ದೆ ಟವೆಲ್ಲು ಹೊದಿಸಿ
ಕಲ್ಲಂಗಡಿ ತಿನ್ನುತ್ತ ಕೂತೆವು, ಅರ್ಧ ಗಂಟೆ.
ಮತ್ತೆ ಗುಡುಗಿತು. ಅವಳು ಎದ್ದು ಸೆರಗಿಗೆ ಕೈ ಒರೆಸಿ
ಎಡಗಡೆಯ ಬಾಗಿಲು ತೆರೆದಳು. "ಸರಿ. ಇವತ್ತ ನಾ ಹೊಡೀತೀನಿ."

ಹನ್ನೊಂದು ವರ್ಷದಲ್ಲಿ ಮೊದಲ ಸಲ ಬಲಕ್ಕೆ ಕೂತೆ.
ಸಾಂಕ್ವಾಳದ ಹತ್ತಿರ ಟಿಪ್ಪರು, ಕೆಂಪು ಧೂಳು.
"ಏನರ ಬರಾಕತ್ತದೇನು?"
ಕುತ್ತಿಗೆ ಚಾಚಿದೆ. ಇಗರ್ಜಿಯವರೆಗೂ ರಸ್ತೆ ಖಾಲಿ.
ಖಾಲಿ ಇತ್ತು, ಆಣೆ ಮಾಡಿ ಹೇಳುತ್ತೇನೆ.
"ಅನ್ನಲಾ," ಅಂದಳು.
ಒಂದು ಮೂರು ಏಳು ಎರಡು ನಾಲಿಗೆಗೆ ಬಂತು.
ಹೂಂ ಬರಲಿಲ್ಲ.
ಖಾಲಿ ರಸ್ತೆ ಇಷ್ಟು ದೊಡ್ಡದಿರುತ್ತದೆ ಅಂತ
ಇವಳು ಒಂದು ದಿನವೂ ಹೇಳಿರಲಿಲ್ಲ.

ಚಿಖಲಿಯವರೆಗೆ ಟಿಪ್ಪರಿನ ಹಿಂದೆಯೇ ಬಂದೆವು.
ಅವಳು ಸಿಟ್ಟಾಗಲಿಲ್ಲ, ಗಾಜು ಏರಿಸಿಕೊಂಡಳು, ಅಷ್ಟೆ.
ನಮ್ಮ ಓಣಿಗೆ ತಿರುಗುವಾಗ ಹಿಂದಿನ ಸ್ಕೂಟರಿನವನು
ಪಕ್ಕಕ್ಕೆ ಬಂದು ಕೂಗಿದ:
ಕೆಂಪು ದೀಪ ಒಂದೊಂದಾಗಿ ಓಡತಾವಲ್ಲ,
ಒಂದು, ಎರಡು ಹತ್ತತಾವ,
ಮೂರನೇದು ಸತ್ತದ.
ನನಗೆ ಅದೂ ಗೊತ್ತಿರಲಿಲ್ಲ.