ಇಬ್ಬರೂ ಒಬ್ಬರೇ

ಹೂಕ್‌ಸ್ಟ್ರಾ ಅಂತ ಬರಿಯಾಕ ಹೆಡ್ ಕ್ಲಾರ್ಕಿಗೆ ಆಗಲಿಲ್ಲ.
ಮಸ್ಟರಿನ್ಯಾಗ ಹುಕ್ಕೇರಿ ಅಂತ ಬರದು ಕೈ ತೊಳಕೊಂಡ್ರು.
ಅರವತ್ತೆರಡನೇ ಇಸವಿ.
ಮರುದಿನ ಒಬ್ಬ ಹುಡುಗ ಕೇಳೇಬಿಟ್ಟ:
ಸರ್, ನಿಮ್ಮ ಮಂದಿ ಬೆಳಗಾವಿ ಕಡಿಯವರೇನ್ರಿ?

ನಾನು ಇಂಗ್ಲಿಷ್ ವಿಭಾಗದ ಟೈಪಿಸ್ಟ್, ಗುಡಗೇರಿ.
ಅವರ ಡಚ್ ಭಾಷಾದಾಗ ಗ ಹುಟ್ಟೂದು ಗಂಟಲದಾಗ,
ಮೀನಿನ ಮುಳ್ಳು ಸಿಕ್ಕೊಂಡಂಗ.
ಮಿಸ್ಟರ್ ಖುಡಖೇರಿ, ಅಂತಿದ್ರು.
ಅವರ ಹೆಸರು ನಾವು ಕೆಡಿಸಿದ್ವಿ, ನನ್ನದು ಅವರು.
ಲೆಕ್ಕಾ ಚುಕ್ತಾ.

ಅಪ್ಪ ಕಾಲುವಿ ಬಾಗಲಾ ಏರಿಸಿ ಇಳಿಸಾಂವ.
ಮನಿ ಸಮುದ್ರಕ್ಕಿಂತ ಎರಡು ಮೊಳ ತೆಳಗ.
ಹೂಕ್ ಅಂದ್ರ ಮೂಲಿ, ತಾವು ಮೂಲಿಮನಿಯವರು.
ಇಷ್ಟು ಹೇಳಿದ್ದು ಒಂದು ಸಂಜಿಮುಂದ,
ಕೆಲಗೇರಿ ಕೆರಿ ಮ್ಯಾಲ ಅಡ್ಡಾಡಕೋತ.
ಊರ ಹೆಸರು ಒಡದು ನೋಡಿದ್ರು: ಕೆಲಗ, ಏರಿ.
ಳ ಆ ನಾಲಿಗಿಗೆ ಹತ್ತತಿರಲಿಲ್ಲ,
ಕೆಳಗ ಅನ್ನೂದೂ ಕೆಲಗನ.
ಏರಿಯ ಕೆಲಗ! ಇದು ನಮ್ಮ ದೇಶದ ಹೆಸರು, ಅಂದ್ರು.
ಅದು ಕೇರಿರೀ ಸರ್, ಏರಿ ಅಲ್ಲ,
ಅನ್ನಬೇಕಂತ ಬಾಯಿ ತಗದೆ.
ನೀರಿನ ಕಡೆ ನೋಡತಿದ್ರು. ಮುಚ್ಚಿದೆ.

ಇಂಗ್ಲಿಷ್ ನನ್ನದೂ ಅಲ್ಲ, ನಿಮ್ಮದೂ ಅಲ್ಲ,
ಬಾಡಿಗಿ ಮನಿ, ಗ್ವಾಡಿಗೆ ಮೊಳಿ ಹೊಡೀಬ್ಯಾಡ್ರಿ
ಅಂತ ಎಂ.ಎ. ಹುಡುಗರಿಗೆ ಹೇಳಾವರು.
ಬರದದ್ದು ಒಂದ ಪುಸ್ತಕ, ಆಫ್, ಅಟ್, ಇನ್, ಟು,
ಇಂಥ ಚೂರು ಶಬ್ದಗಳ ಮ್ಯಾಲ.
ನಾಕು ಸಲ ಮೊದಲಿಂದ ಟೈಪ್ ಮಾಡೇನಿ. ಮುಗೀಲಿಲ್ಲ.
ನನಗ ತಿಳಿದಿದ್ದು ಕಡಿಮಿ, ಬಟ್ಟಿಗೆ ತಿಳೀತಿತ್ತು.
ಇಂಗ್ಲಿಷಿನ್ಯಾಗ ಇವು ಹಮಾಲರಂಗ ಮುಂದ ನಡೀತಾವ,
ನಿಮ್ಮಲ್ಲೆ ಕರು ಇದ್ದಂಗ, ಆಕಳ ಹಿಂದ.
ಇದೊಂದು ಮಾತು ಮಾತ್ರ ನನಗಂತ ಹೇಳಿದ್ರು.

ರಿಟೈರಾದ್ರು. ಪೆನ್ಶನ್ ನಿಂತಿತು.
ನೇಮಕದ ಕಾಗದದಾಗ ಹೂಕ್‌ಸ್ಟ್ರಾ, ಮಸ್ಟರಿನ್ಯಾಗ ಹುಕ್ಕೇರಿ.
ಇಪ್ಪತ್ತೇಳು ವರ್ಷ ಪಾಠಾ ಹೇಳಿದಾಂವ ಯಾಂವ?
ಕೋರ್ಟಿನ ಮುಂದ ಐದು ರೂಪಾಯಿ ಬಾಂಡ್ ತಗೊಂಡು
ಬೇವಿನ ಗಿಡದ ಬುಡಕ ಕುಂತು ನಾನ ಬಡದೆ:
ಇಬ್ಬರೂ ಒಬ್ಬರೇ ಅಂತ ಪ್ರಮಾಣ ಮಾಡತೇನಿ,
ರಿಸೈಡಿಂಗ್ ಅಟ್ ಧಾರವಾಡ.
ಓದಿದ್ರು. ಪೆನ್ನು ತಗದ್ರು.
ರಿಸೈಡಿಂಗ್ ಹೊಡದ್ರು, ಅಟ್ ಹೊಡದ್ರು,
ಮ್ಯಾಲ ಸಣ್ಣಗ ಆಫ್ ಅಂತ ಬರದ್ರು.
ತಿದ್ದಿದ್ದು ನಡಿಯಂಗಿಲ್ಲ, ಅಂದ ನೋಟರಿ.
ಆ ಬಿಸಲಾಗ ತಾವ ಹೋಗಿ ಮತ್ತೊಂದು ಬಾಂಡ್ ತಂದ್ರು.
ಎರಡಕ್ಕೂ ಏನ್ ಫರಕ್ರೀ ಸರ್?
ಪುಸ್ತಕ ಮುಗದಿದ್ರ ಹೇಳತಿದ್ದೆ, ಖುಡಖೇರಿ.
ಸಾಕ್ಷಿ ಜಾಗಾದಾಗ ನನ್ನ ಸಹಿ.

ಸಪ್ತಾಪುರದ ಆ ಬಾಡಿಗಿ ಮನ್ಯಾಗ ಹೋದ್ರು.
ಸಾಮಾನು ಕಟ್ಟಾಕ ನಾನೂ ಹೋಗಿದ್ದೆ.
ಗ್ವಾಡಿ ಮ್ಯಾಲ ಒಂದೂ ಮೊಳಿ ಇರಲಿಲ್ಲ.
ಪಟಾ ಎಲ್ಲಾ ನೆಲದ ಮ್ಯಾಲ, ಗ್ವಾಡಿಗೆ ಆನಿಸಿದ್ದು.

ಕೆಟ್ಟ ಬಾಂಡ್ ನನ್ನ ಟ್ರಂಕಿನ್ಯಾಗ ಐತಿ.
ಮೊನ್ನೆ ಮೊಮ್ಮಗಳು ತಗದು ಕೇಳಿದ್ಲು:
ಈ ಹುಕ್ಕೇರಿ ಎಲ್ಲಿಯವರಜ್ಜಾ?
ಧಾರವಾಡ, ಅಂದೆ.
ಒಂದು ಗಳಿಗಿ ತಡದು
ದಾಂವ, ಅಂದೆ.