ಕೈಯ ಬೆನ್ನು

ಫಾರ್ಮಿನಲ್ಲಿ ತುಂಬಿದ್ದೆ, ಹುಲಿಗೆಮ್ಮ ಯಮನೂರಪ್ಪ.
ಕ್ವಾದ್ರುಸ್ ಸರ್ ಅದನ್ನು ಎರಡು ಸಲ ಓದಿ
ಮೂರನೇ ಸಲ ಅರ್ಧಕ್ಕೇ ನಿಲ್ಲಿಸಿದರು: ಹುಲೀ,
ಹತ್ತು ಮೇಲೆ.

ಮೂರು ಮೀಟರು ಎತ್ತರದ ಕಬ್ಬಿಣದ ಅಟ್ಟ.
ಕೆಳಗೆ ವೆರ್ಣಾದ ಒಂದು ಈಜುಕೊಳ,
ತಳದ ನೀಲಿ ಟೈಲ್ಸು ಒಂದೊಂದೂ ಎಣಿಸಬಹುದು.
ಒಂದು ಕೈಯಲ್ಲಿ ಮೂಗು ಬಾಯಿ,
ಇನ್ನೊಂದರಲ್ಲಿ ಜಾಕೀಟಿನ ಕೊರಳು, ಕಾಲು ಕತ್ತರಿ.
ಕೆಳಗೆ ನೋಡಬೇಡ, ಎಂದರು, ದಿಗಂತ ನೋಡು.
ದಿಗಂತ ಇರಬೇಕಾದ ಕಡೆ ಔಷಧ ಕಂಪನಿಯ ಕಾಂಪೌಂಡು,
ಅದರ ಮೇಲೆ ಒಣಗಲು ಹಾಕಿದ ಯಾರದೋ ಪ್ಯಾಂಟು.
ಪ್ಯಾಂಟನ್ನೇ ನೋಡುತ್ತ ಹಾರಿದೆ.

ಬೈನಾದ ಮರಳಲ್ಲಿ ಹುಟ್ಟಿದವಳು ನಾನು,
ಇಪ್ಪತ್ತೆರಡು ವರ್ಷ ಮೊಣಕಾಲು ದಾಟಿ ಕಡಲಿಗಿಳಿದವಳಲ್ಲ.
ಅಪ್ಪ ಅದಿರಿನ ಬಾರ್ಜಿನ ಮೇಲೆ ಹತ್ತೊಂಬತ್ತು ವರ್ಷ
ಜುವಾರಿಯುದ್ದಕ್ಕೂ ಕೆಂಪಗಾಗಿ ತೇಲಿದವನು,
ಜಾಕೀಟು ತಲೆಗಿಟ್ಟು ಮಲಗುತ್ತಿದ್ದನಂತೆ.
“ಈಸಾಕ ಬರದವಗ ನಿದ್ದಿ ಚಲೋ ಬರ್ತೈತಿ”
ಅಂತ ಈಗಲೂ ನಗುತ್ತಾನೆ.

ನೀರು ಕಿವಿಯಲ್ಲಿ ತಗಡಿನ ಡಬ್ಬಿಯಂತೆ ಸದ್ದು ಮಾಡಿ
ಮೇಲಕ್ಕೆ ತಳ್ಳಿತು.
ಪಕ್ಕದಲ್ಲಿ ಇಬುಂಗೊ, ಮಣಿಪುರದ ಹುಡುಗ, ಕೆಮ್ಮುತ್ತ.
ಅತ್ತ ಸವೀನಾ, ಅಂಟಿಸಿಕೊಂಡ ರೆಪ್ಪೆಯೊಂದು ಕೆನ್ನೆಗೆ ಜಾರಿ.
ಮೂವರೂ ಮೊಣಕಾಲು ಎದೆಗೊತ್ತಿ ತಬ್ಬಿಕೊಂಡೆವು.
ಬೆಚ್ಚಗಿರಲು ಹೀಗೆ, ಎಂದರು ಸರ್,
ನಾಚಿಕೆ ಮೊದಲು ಮುಳುಗಲಿ.

ಮಗುಚಿದ ತೆಪ್ಪವನ್ನು ನೆಟ್ಟಗೆ ಮಾಡಬೇಕಿತ್ತು.
ಪಟ್ಟಿ ಹಿಡಿದು ಹಿಂದಕ್ಕೆ ವಾಲಿದೆ, ನನ್ನ ಮೇಲೇ ಬಿತ್ತು.
ಕಪ್ಪು ರಬ್ಬರಿನ ಕತ್ತಲು.
ಹೆದರದೆ ಅಂಗಾತ ತಿರುಗಿ,
ಮುಖಕ್ಕೊಂದು ಗೇಣು ಗಾಳಿ ಇದ್ದೇ ಇರುತ್ತದೆ, ಎಂದಿದ್ದರು.
ಇತ್ತು. ಒಂದು ಗೇಣು.
ಬಾಡಿಗೆ ಕೋಣೆಯಲ್ಲಿ ಅಷ್ಟರಲ್ಲೇ ಐದು ಜನ ಇದ್ದೇವೆ.

ಬೋರ್ಡಿನ ಮೇಲೆ ಪ್ರಶ್ನೆ: ಹಡಗು ಬಿಡುವಾಗ ಏನೇನು ಒಯ್ಯಬೇಕು?
ನೀರು, ಕಂಬಳಿ, ಬೆಂಕಿಬಾಣ, ರೇಡಿಯೊ,
ಇಬುಂಗೊ ಪಟಪಟ ಹೇಳಿದ.
ನನಗೆ ಜೆಸಿಬಿಯ ಹಳದಿ ಕೈ ಕಂಡಿತು.
ಆ ಬೆಳಿಗ್ಗೆ ಅವ್ವ ಒಯ್ದದ್ದು
ರೊಟ್ಟಿ ಹಂಚು, ಇನ್ನೂ ಬಿಸಿ ಇತ್ತು, ಸೆರಗಲ್ಲಿ ಸುತ್ತಿ;
ರೇಷನ್ ಕಾರ್ಡು; ತಮ್ಮ.
ನಾನು ಕೈ ಎತ್ತಲಿಲ್ಲ.

ಮುಳುಗುವವರೆಗೆ ಹಡಗೇ ನಿಮ್ಮ ದೊಡ್ಡ ತೆಪ್ಪ,
ಆತುರಪಟ್ಟು ಬಿಡಬೇಡಿ,
ತೆಪ್ಪಕ್ಕೆ ಕೆಳಗಿಳಿಯುವುದಲ್ಲ, ಮೇಲೆ ಹತ್ತುವಂತಾದಾಗ ಬಿಡಿ
ಎಂದು ಸರ್ ಬರೆಸಿದರು.
ಅವ್ವನೂ ಹಾಗೇ ನಿಂತಿದ್ದಳು, ತಗಡು ಮುರಿಯುವ ತನಕ.
ತೆಪ್ಪ ಎಲ್ಲಿದೆ ಅಂತ ಆಕೆಗೆ ಯಾರೂ ಬರೆಸಿರಲಿಲ್ಲ.

ಮೂರನೇ ದಿನ ಹೊಗೆ.
ಹಳೆಯ ಕಂಟೇನರು, ಬೆನ್ನಿಗೆ ಗಾಳಿಯ ಸಿಲಿಂಡರು,
ಒಳಗೆಲ್ಲೋ ಒಂದು ಚಿಂದಿ ಗೊಂಬೆ, ಹುಡುಕಿ ತರಬೇಕು.
ಗೋಡೆ ತಡವುವಾಗ ಅಂಗೈ ಅಲ್ಲ, ಕೈಯ ಬೆನ್ನು.
ತುಂಡು ತಂತಿ ತಾಗಿದರೆ
ಅಂಗೈ ಮುಚ್ಚಿ ಹಿಡಿದುಬಿಡುತ್ತದೆ, ಸಾವನ್ನೂ ಬಿಡದೆ;
ಕೈಯ ಬೆನ್ನಾದರೆ ಕೊಡವಿ ದೂರ ಒಗೆಯುತ್ತದೆ.
ತೆವಳಿದೆ. ಗೊಂಬೆಯ ಕಾಲು ಸಿಕ್ಕಿತು.
ನನ್ನ ತಮ್ಮನಷ್ಟೇ ತೂಕ, ಆಗಿನ ತಮ್ಮ.

ಇನ್ನು ಕೆಲಸವೆಂದರೆ
ಯಾರೋ ಸಾಹುಕಾರರ ಬಿಳಿ ಯಾಟಿನಲ್ಲಿ
ಗಾಜಿನ ಲೋಟಗಳ ಬೆರಳಚ್ಚು ಒರೆಸುವುದು,
ಕಕ್ಕಸಿನ ಕಾಗದದ ತುದಿಯನ್ನು ತ್ರಿಕೋನ ಮಡಚುವುದು,
ತೇಗದ ನೆಲದ ಮೇಲೆ ಬರಿಗಾಲಲ್ಲಿ, ನಗುತ್ತ.
ಅಷ್ಟಕ್ಕೆ ಸಾಯದಿರಲು ಬರಬೇಕು, ಸರ್ಟಿಫಿಕೇಟು ಸಮೇತ.
ಐದು ವರ್ಷಕ್ಕೊಮ್ಮೆ ಮತ್ತೆ ಹಾರಿ ತೋರಿಸಬೇಕು.

ಸಂಜೆ ವಾಸ್ಕೋ ಬಸ್ಸಿಳಿದು ಬಂದಾಗ
ಅವ್ವ ಕೂದಲು ಮೂಸಿದಳು.
“ಇದ್ಯಾವ ಸಮುದ್ರಲೇ, ಫಿನಾಯಿಲ್ ನಾತ ಹೊಡೀತೈತಿ?”
ಆಮೇಲೆ, ಕಣ್ಣು ಕೆಂಪಾಗಿವೆ ಅಂತ
ಹಣೆ ಮುಟ್ಟಿ ನೋಡಿದಳು,
ಕೈಯ ಬೆನ್ನಿನಿಂದ.