ಮಾಮೂಲು ಬೆಲೆ

ಮಾಮೂಲ್‌ಪೇಟೆಯ ನಮ್ಮ ಅಂಗಡಿಗೆ
ರಿಜಿಸ್ಟರ್ಡ್ ಪೋಸ್ಟಿನಲ್ಲಿ ಬಂತು ದಪ್ಪ ಲಕೋಟೆ.
ಸಾಹುಕಾರ ಧರಣೇಂದ್ರಯ್ಯ ಕನ್ನಡಕ ಹುಡುಕಿದರು,
ಸಿಗಲಿಲ್ಲ. ‘ನೀನೇ ಓದಮ್ಮ.’

ಓದಿದೆ:
ಉತ್ತರದ ಒಂದು ದೇಶ ಹೊಲಿಗೆ ಸೂಜಿ ಮಾಡುತ್ತದೆ.
ಪೂರ್ವದ ಇನ್ನೊಂದು ದೇಶವೂ ಮಾಡುತ್ತದೆ,
ತನ್ನ ಮನೆಯಲ್ಲಿ ಮಾರುವುದಕ್ಕಿಂತ ಕಮ್ಮಿಗೆ
ನಮ್ಮಲ್ಲಿ ತಂದು ಸುರಿಯುತ್ತದೆ.
ಮೊದಲನೆಯದರ ಕಾರ್ಖಾನೆಗಳು ಸೊರಗಿವೆಯಂತೆ.
ಅವುಗಳ ಪರವಾಗಿ ಅಲ್ಲಿಯ ಸರ್ಕಾರ
ನಮ್ಮ ಸರ್ಕಾರವನ್ನು ಕೇಳಿಕೊಂಡಿದೆ:
ದಯವಿಟ್ಟು ವಿಚಾರಿಸಿ.

‘ನಮ್ಮ ದೇಶದ ಸೂಜಿಯವರು ದೂರು ಕೊಟ್ಟರಾ?’
‘ಇಲ್ಲ ಸಾರ್.’
‘ಮತ್ತೆ ನೋವು ಯಾರಿಗೆ?’
‘ಅವರಿಗೆ.’
‘ಎಮ್ಮೆಗೆ ಜ್ವರ, ಎತ್ತಿಗೆ ಬರೆ’ ಅಂದು
ಬೈಟೂ ಕಾಫಿ ತರಿಸಿದರು.

ಎಪ್ಪತ್ತೆರಡು ಪುಟದ ಪ್ರಶ್ನಾವಳಿ.
ಹದಿನಾಲ್ಕನೆಯದರಲ್ಲಿ: ನಾರ್ಮಲ್ ವ್ಯಾಲ್ಯೂ.
ಸಾಹುಕಾರರು ನಕ್ಕೇ ನಕ್ಕರು.
‘ಮಾಮೂಲ್‌ಪೇಟೇಲಿ ಮಾಮೂಲು ಎಷ್ಟು ಅಂತ ಕೇಳ್ತಾರಲ್ಲ!
ಬೀಟಿನವರದ್ದು ಬರೀಲಾ, ಸೂಜೀದು ಬರೀಲಾ?’

ಇನ್‌ವಾಯ್ಸು ಹುಡುಕಲು ಅಟ್ಟ ಹತ್ತಿದೆ.
ಗುಂಡಿ, ಜಿಪ್ಪು, ಲೇಸಿನ ಡಬ್ಬಗಳ ನಡುವೆ
ಹದಿನಾರನೇ ನಂಬರಿನ ಸೂಜಿ,
ಹತ್ತರ ಪ್ಯಾಕೆಟ್ಟು, ಒಂದೊಂದಕ್ಕೂ ಒಂದೇ ಕಣ್ಣು.

ಇಳಿದಾಗ ಖತೀಜಾಬಿ ನಿಂತಿದ್ದರು, ತಿಗಳರಪೇಟೆಯಿಂದ,
ಸ್ಕೂಲ್ ಯೂನಿಫಾರಂ ಹೊಲಿಯುವವರು.
‘ಮೂರು ಪ್ಯಾಕೆಟ್ ಕೊಡಿ, ಜೂನ್ ಹತ್ರ ಬಂತು.’
ಬೆಲೆ ಏರಬಹುದು ಅಂದೆ. ಕಾರಣ ಹೇಳಿದೆ.
ತುಸು ಹೊತ್ತು ಸುಮ್ಮನಿದ್ದು ಕೇಳಿದರು:
‘ಅಲ್ಲಿ ಎಷ್ಟು ಜನರನ್ನ ಕೆಲಸದಿಂದ ತೆಗೆದರು?’

ದೂರಿನ ಪ್ರತಿಯಲ್ಲೇ ಇತ್ತು. ನಾನು ದಾಟಿಬಿಟ್ಟಿದ್ದೆ.
ಇನ್ನೂರ ಹನ್ನೊಂದು.
ಸೂಜಿಯ ಕಣ್ಣಿಗೆ ಪಾಲಿಶ್ ಹಿಡಿಯುತ್ತಿದ್ದ
ಯಾವಳೋ ಒಬ್ಬಳು, ಹಿಮದ ಊರಿನವಳು,
ನನ್ನ ಹೆಸರು ಗೊತ್ತಿಲ್ಲದೆ, ಈ ಗಲ್ಲಿ ಗೊತ್ತಿಲ್ಲದೆ
ನನ್ನ ಮೇಜಿನ ಮೇಲೆ ಬಂದು ಕೂತಿದ್ದಳು.
ಪರ ಅಂದರೆ ಬೇರೆಯವರು.
ಪರ ಅಂದರೆ ಅವರ ಕಡೆಗೆ ನಿಂತವರೂ ಹೌದು.
ಒಂದೇ ಮಾತಿಗೆ ಎರಡನ್ನೂ ಯಾರು ಹೊಲಿದರೋ.

ಕೊನೆಯ ಪುಟ: ಇತರೆ ಟಿಪ್ಪಣಿ.
ಸೂಜಿ ಮುರಿದರೆ ಇಲ್ಲೊಬ್ಬರಿಗೆ
ಅರ್ಧ ದಿನದ ಕೂಲಿ ಹೋಗುತ್ತದೆ, ಎಂದು ಬರೆದೆ.
ಅಲ್ಲೂ ಒಬ್ಬಳಿದ್ದಾಳೆ, ಎಂದೂ ಬರೆದೆ.
ಅಷ್ಟರಲ್ಲಿ ಕನ್ನಡಕ ಸಿಕ್ಕಿತು. ಸಾಹುಕಾರರು ಓದಿ
ಎರಡೂ ಸಾಲು ಹೊಡೆದು ಹಾಕಿ
ಅಂಗಡಿಯ ಸೀಲು ಒತ್ತಿದರು.

ಖತೀಜಾಬಿ ಮೂರರ ಬದಲು ಆರು ಒಯ್ದರು,
ಹಳೇ ದರಕ್ಕೆ.
ಎರಡರ ದುಡ್ಡು ಬಾಕಿ.